ಕರಡಿಯೋ, ಕಪ್ಪು ನಾಯಿಯೋ?

ಬೆಳಗ್ಗೆ ಮನೆಯವರು ಸಿಡಿಮಿಡಿಗೊಂಡರೆ ನಾವು ‘ಮುಖ ಗಂಟು ಹಾಕ್ಕೊಂಡಿದ್ದಾರೆ’ ಅಂತೀವಿ, ಅಲ್ಲವೇ? ಇಂಗ್ಲಿಷಿನವರು ‘ತಲೆನೋವಿನ ಕರಡಿ’ ಅಂತಾರೆ. ಸದಾ ಸಿಡುಕುವವರಿಗೆ ಏಡಿಯ ಹೆಸರು. ಯಾರಾದರೂ ರೇಗಿಸಿದರೆ ‘ನನ್ನ ಮೇಕೆ ಹಿಡಿದ’ ಎನ್ನುವ ಮಾತೂ ಇದೆ! ಮಗಳು ಓದಿ ಹೇಳಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

‘ಕಪ್ಪು ನಾಯಿ’ ಎಂದಾಗ ಮಾತ್ರ ನಗು ನಿಂತಿತು. ಮನಸ್ಸಿಗೆ ಕವಿಯುವ ಖಿನ್ನತೆಗೆ ಆ ಹೆಸರು. 1911ರಲ್ಲಿ ಚರ್ಚಿಲ್ ತಮ್ಮ ಹೆಂಡತಿಗೆ, ಆ ನಾಯಿ ಮತ್ತೆ ಬಂದರೆ ಡಾಕ್ಟರೊಬ್ಬರು ಉಪಯೋಗಕ್ಕೆ ಬಂದಾರು ಎಂದು ಬರೆದಿದ್ದರು.

ಎರಡನೇ ಬಾಣಂತನದಲ್ಲಿ ನನಗೂ ಹಾಗೇ ಆಗಿತ್ತು. ಎಲ್ಲರೂ ಸೋಮಾರಿತನ ಅಂದರು, ನಾನೂ ನಂಬಿದೆ. ಸೋದರಿಯರೇ, ಕರಡಿ ಒಂದು ಲೋಟ ಕಾಫಿಗೆ ತಣ್ಣಗಾಗುತ್ತೆ. ನಾಯಿ ಎರಡು ವಾರವಾದರೂ ಹೊಸ್ತಿಲು ಬಿಡದಿದ್ದರೆ ಸಂಕೋಚ ಬೇಡ, ಡಾಕ್ಟರಿಗೆ ಹೇಳಿ.