ಬೀಸುವ ಪದಗಳೂ ಶೋಕೋಪಶಮನವೂ

ಶೋಕವೇ ಶ್ಲೋಕವಾಯಿತೆಂಬ ರಾಮಾಯಣದ ಪ್ರಸಂಗವನ್ನೋದಿದವರಿಗೆ ಕಾವ್ಯವು ಕವಿಯ ದುಃಖಕ್ಕೆ ಔಷಧವೆಂದು ತೋರುವುದು ಸಹಜವು. ಅಭಿನವಗುಪ್ತಾಚಾರ್ಯರು ‘ಲೋಚನ’ದಲ್ಲಿ ಇದನ್ನೊಪ್ಪಿರುವುದಿಲ್ಲ. ಅದು ಮುನಿಯ ಸ್ವಂತ ಶೋಕವೆಂದು ತಿಳಿಯಲಾಗದು. ತನ್ನ ದುಃಖದಲ್ಲಿಯೇ ಬೇಯುತ್ತಿರುವವನಿಗೆ ಕಾವ್ಯರಚನೆಯು ಹೇಗೆ ಸಾಧ್ಯವೆಂಬುದು ಅವರ ಆಕ್ಷೇಪವು. ನಾಟ್ಯವು ದುಃಖಾರ್ತರಿಗೂ ಶ್ರಮಾರ್ತರಿಗೂ ವಿಶ್ರಾಂತಿಯನ್ನೀಯುವುದೆಂದು ಭರತನು ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿರುವನಷ್ಟೆ. ಆದರೆ ಅದು ಪ್ರೇಕ್ಷಕನ ಮಾತಾಯಿತು. ನೊಂದವರು ತಾವೇ ಹಾಡಿಕೊಂಡರೆ ಉಪಶಮನವುಂಟೋ ಇಲ್ಲವೋ?

ಇದರ ಉತ್ತರವನ್ನು ಧಾರವಾಡದ ಸೀಮೆಯಲ್ಲಿ ಹುಡುಕುವುದು ಲೇಸು. ಬಸವಣ್ಣನ ಗುಡಿಯಿಂದ ಹೆಸರಾದ ಕಲಘಟಗಿ ತಾಲ್ಲೂಕಿನ ತಂಬೂರವನ್ನೊಳಗೊಂಡ ಈ ಸೀಮೆಯ ಹಳ್ಳಿಗಳಲ್ಲಿ, ಹಿಟ್ಟಿನ ಗಿರಣಿಗಳು ಬರುವುದಕ್ಕೆ ಮುಂಚೆ, ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಜೋಳವನ್ನು ಬೀಸುತ್ತ ತ್ರಿಪದಿಗಳನ್ನು ಹಾಡುತ್ತಿದ್ದರು. ಮನೆಯಿನ್ನೂ ಮಲಗಿರುವ ಹೊತ್ತು. ಕಲ್ಲಿನ ಸದ್ದೇ ಮರೆ. ಅತ್ತೆಯೆದುರು ಆಡಲಾಗದ ತವರಿನ ಹಂಬಲ, ಬಂಜೆತನದ ನೋವು, ಕೂಸನ್ನು ಕಳೆದುಕೊಂಡ ಅಳಲು ಆಗ ಪದವಾಗಿ ಹೊರಬೀಳುತ್ತಿದ್ದಿತು. ಹಲಸಂಗಿಯ ಗೆಳೆಯರ ಶ್ರಮದಿಂದ 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಇಂತಹ ಪದಗಳ ಭಂಡಾರವು.

ಇಲ್ಲಿ ಆಚಾರ್ಯರ ಆಕ್ಷೇಪವು ಬೀಳುವುದೇ? ಬೀಳದು, ಅದಕ್ಕೆ ಸಮಾಧಾನವು ದೊರೆಯುವುದು. ಎಂತೆಂದರೆ, ಬೀಸುವವಳು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗಿಲ್ಲ. ಛಂದಸ್ಸು ತಾಯಿಯಿಂದ ಬಂದುದು. ಲಯವನ್ನು ಕಲ್ಲಿನ ಸುತ್ತು ಕೊಡುವುದು. ಹಾಡುವಲ್ಲಿ ಎರಡನೆಯ ಸಾಲಿನ ಭಾಗವು ಮರುಕಳಿಸುವುದರಿಂದ ಮುಂದಿನ ಮಾತಿಗೆ ಬಿಡುವು ಸಿಕ್ಕುವುದು. ಕಲ್ಲನ್ನೇ ತಾಯಿಯೆಂದು ಕರೆಯುವ ಪದಗಳಿರುವುದರಿಂದ ಕೇಳುವವರ ಕೊರತೆಯೂ ಇಲ್ಲ. ಅವಳೊಬ್ಬಳ ಅಳಲು ಮುನ್ನ ಹಾಡಿದ ನೂರಾರು ಹೆಂಗಸರ ಮಾತಿನಲ್ಲಿ ಹೊರಬರುವಾಗ ಅವಳದಷ್ಟೇ ಆಗಿ ಉಳಿಯುವುದಿಲ್ಲ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ಸಹೃದಯನಲ್ಲಿ ಆಗುವುದಕ್ಕೆ ಮೊದಲೇ ಹಾಡುವವಳಲ್ಲಿ ಆಗಿಹೋಗಿರುವುದು. ಹಾಡಿನಿಂದ ಅತ್ತೆಯು ಬದಲಾದಳೆಂದಲ್ಲ. ಹೊತ್ತು ಮೂಡುವಾಗ ಸೊಸೆಯು ಅದೇ ಮನೆಯೊಳಗೇ ಏಳಬೇಕು.

ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್ ಎಂಬಾತನು 1938ರಲ್ಲಿ ಕ್ಷಯರೋಗದಿಂದ ಆರೋಗ್ಯಧಾಮದಲ್ಲಿರುವಾಗ ಚಿತ್ರ ಬರೆಯುತ್ತ ನೆಮ್ಮದಿಗೊಂಡು, ಮುಂದೆ ಇತರ ರೋಗಿಗಳಿಗೂ ಅದನ್ನು ಕಲಿಸಿದನು. 1942ರಲ್ಲಿ ಆತನೇ ಇದಕ್ಕೆ ಕಲಾಚಿಕಿತ್ಸೆಯೆಂಬ ಅರ್ಥದ ಹೆಸರನ್ನಿಟ್ಟನು. ಅಲ್ಲಿ ರೋಗಿಗೆ ಬರಿಯ ಹಾಳೆಯು ದೊರೆತರೆ, ಇಲ್ಲಿ ಹೆಣ್ಣುಮಗಳಿಗೆ ತುಂಬಿದ ಭಾಷೆಯೇ ದೊರೆಯುತ್ತಿದ್ದಿತು. ಗಿರಣಿಯು ಬಂದು ರಟ್ಟೆಯ ದಣಿವು ತಪ್ಪಿದುದು ಒಳ್ಳೆಯದೇ; ಆದರೆ ಆ ನಸುಕಿನ ಏಕಾಂತಕ್ಕೆ ಬದಲಾಗಿ ಬೇರೊಂದು ಹೊತ್ತು ಅವಳಿಗೆ ಗೊತ್ತಾಗಲಿಲ್ಲ. ಜನಪದ ಗೀತಗಳನ್ನು ಮನಸ್ಸಿನ ಆರೈಕೆಗೆ ಬಳಸಬಯಸುವವರು ಪದಗಳನ್ನು ಕೇಳಿಸಿದರೆ ಅವಳು ಮತ್ತೆ ಪ್ರೇಕ್ಷಕಳೇ ಆಗುವಳು; ಹಾಡುವ ಬಾಯಿ ಅವಳದಾಗಿರಬೇಕು, ಕೈಗೂ ಒಂದು ಕೆಲಸವಿರಬೇಕು.