ನಿಮಗಿದು ಗೊತ್ತೆ? ಎಳೆಯ ಮಕ್ಕಳ ನೆಗಡಿ, ಕೆಮ್ಮು

ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಅಂಗನವಾಡಿ ವಯಸ್ಸಿನ ಮಗುವಿಗೆ ವರ್ಷಕ್ಕೆ ಆರೆಂಟು ಸಲ ಶೀತವಾದರೂ ಅದು ಅಸಹಜವಲ್ಲ. ಮೂಗು ಸೋರುವುದು ವಾರ, ಹತ್ತು ದಿನದಲ್ಲಿ ನಿಲ್ಲುತ್ತದೆ. ಕೆಮ್ಮು ಮಾತ್ರ ಎರಡು–ಮೂರು ವಾರ ಎಳೆಯಬಹುದು. ಸಿಂಬಳ ಹಸಿರಾದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ಬೇಕಿಲ್ಲ, ವೈರಸ್ ಮೇಲೆ ಅದರ ಆಟ ನಡೆಯದು.

ಕೆಮ್ಮಿನ ಸಿರಪ್‌ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಮೂಗು ಕಟ್ಟಿ ಹಾಲು ಕುಡಿಯಲಾಗದ ಕೂಸಿಗೆ ಔಷಧದಂಗಡಿಯ ಸಲೈನ್ ಹನಿ ಸಾಕು. ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ನೆಕ್ಕಿಸಿದರೆ ರಾತ್ರಿಯ ಕೆಮ್ಮು ತಗ್ಗುತ್ತದೆ. ವರ್ಷದೊಳಗೆ ಜೇನು ಸಲ್ಲದು: ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಕಣಗಳಿಂದ ಬಾಟುಲಿಸಂ ಎಂಬ ನರಸಂಬಂಧಿ ಕಾಯಿಲೆ ಬರಬಹುದು. ಹಸುಗೂಸಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಅಜ್ಜಿಯರಿಗೆ ಇದನ್ನು ಒಪ್ಪಿಸುವುದು ಕಷ್ಟವೇ! ಕುದಿನೀರಿನ ಆವಿಯೂ ಬೇಡ. ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವುದುಂಟು.

ನಿಜವಾಗಿ ಗಮನಿಸಬೇಕಾದುದು ಉಸಿರು. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಶಂಕೆ. ಉಸಿರೆಳೆದಾಗ ಪಕ್ಕೆ ಒಳಸೇದುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಹಾಲು–ನೀರು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.