ಕಪ್ಪಿಗಾಗಿ ಕಾದ ಹದಿನೆಂಟು ಋತುಗಳು

ಬಸವಕಲ್ಯಾಣ, ಹುಮನಾಬಾದ್ ಕಡೆಯ ಕುಟುಂಬಗಳಿಗೆ ಹೈದರಾಬಾದ್ ನೆರೆಯೂರಿದ್ದಂತೆ. ಬೆಂಗಳೂರಾದರೋ ಇಡೀ ರಾತ್ರಿಯ ಪಯಣ. 1956ರವರೆಗೆ ಬೀದರವು ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಇಂದಿಗೂ ಅತ್ತ ಕಡೆ ಬೀಗತನವುಂಟು. ಹೀಗಿದ್ದೂ ಐಪಿಎಲ್ ಕ್ರಿಕೆಟ್ ಆರಂಭವಾದ 2008ರಿಂದ ನಮ್ಮ ಅನೇಕ ತರುಣರ ನಿಷ್ಠೆ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡಕ್ಕೇ ಮೀಸಲು.

ಆ ನಿಷ್ಠೆಗೆ ದೊರೆತ ಫಲವನ್ನು ನೋಡಿರಿ! 2009ರ ಅಂತಿಮ ಪಂದ್ಯದಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನುಗಳ ಸೋಲು. 2011ರಲ್ಲಿ ಚೆನ್ನೈ ಎದುರು. 2016ರಲ್ಲಿ ವಿರಾಟ್ ಕೊಹ್ಲಿಯವರೊಬ್ಬರೇ 973 ರನ್ ಗಳಿಸಿದರೂ, ಬೆಂಗಳೂರಿನ ಅಂಗಳದಲ್ಲಿಯೇ ಹೈದರಾಬಾದಿನ ಸನ್‌ರೈಸರ್ಸ್ ಎದುರು 8 ರನ್ನುಗಳ ಸೋಲು. ಬೀಗರಿಗೆ ಮುಖ ತೋರಿಸುವುದು ಹೇಗೆ? ಮರುವರ್ಷ ಕೋಲ್ಕತ್ತದಲ್ಲಿ ತಂಡವೆಲ್ಲ ಸೇರಿ ಗಳಿಸಿದ್ದು 49! ಆದರೂ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ನಿಲ್ಲಲಿಲ್ಲ. ಯಾವ ಸಲವೆಂದು ಕೇಳಿ ನಗುವುದು ಮನೆಯ ಹಿರಿಯರಿಗೊಂದು ವಿನೋದವಾಯಿತು. 2024ರಲ್ಲಿ ಮೊದಲು ಕಪ್ ತಂದವರು ಮಹಿಳಾ ತಂಡದವರು. ಇದನ್ನು ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ನೆನಪಿಸದೆ ಬಿಡುವರೇ?

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಎದುರು ಪುರುಷರ ತಂಡಕ್ಕೂ ಗೆಲುವು ಒಲಿಯಿತು, ಅದೂ 6 ರನ್ನುಗಳಿಂದಲೇ. ಮರುದಿನ ವಿಜಯೋತ್ಸವದ ಹೊತ್ತಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಅಸುನೀಗಿದರು. ಓದಿಗೆಂದೋ ಉದ್ಯೋಗಕ್ಕೆಂದೋ ಮಕ್ಕಳನ್ನು ಬೆಂಗಳೂರಿಗೆ ಕಳುಹಿಸಿದ ತಾಯಂದಿರಿಗೆ ಅಂದು ಸಂಜೆ ಕಪ್ಪಿನ ನೆನಪಿರಲಿಲ್ಲ. ಅತ್ತಲಿಂದ ಮಗ ಫೋನ್ ಎತ್ತಿದರೆ ಸಾಕಾಗಿತ್ತು.